ನಾನು ಸಾಪು ಮಾಡಿದ ಮರಳು

ಫೆಬ್ರವರಿ ೧೧, ಮಂಗಳವಾರ

ಪ್ರೀತಿಯ ಅಕ್ಕನಿಗೆ ನಿಮ್ಮ ಗುಬ್ಬಿಯ ನಮಸ್ಕಾರ.

ನಿಮ್ಮ ಮೂರು ಕಾಗದಗಳೂ ಬಂದಿವೆ. ಮೊದಲನೆಯದಕ್ಕೆ ಉತ್ತರ ಬರೆಯಲಿಲ್ಲ, ಎರಡನೆಯದಕ್ಕೂ ಬರೆಯಲಿಲ್ಲ. ಮೂರನೆಯದನ್ನು ಕೈಗೆ ಕೊಡುವಾಗ ಅಂಚೆಯವರು, ಇಷ್ಟು ಬರೆಯುವವರಿಗೆ ಒಂದು ಸಾಲು ಹಾಕಲು ನಿನಗೇನಮ್ಮ ಕಷ್ಟ ಎಂದು ಗದರಿಸಿಯೇ ಹೋದರು. ಐದನೇ ತರಗತಿಗೆ ಓದು ಬಿಟ್ಟವಳು, ಕಾಗದ ಬರೆದು ರೂಢಿಯಿಲ್ಲ ಎಂದು ನೆಪ ಹೇಳಬಹುದಿತ್ತು. ಆದರೆ ನೀವು ಇಲ್ಲಿದ್ದ ಹದಿನಾಲ್ಕು ದಿನವೂ ಫಾರಂನಲ್ಲಿ ದಿನಾಂಕ, ಹೊತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂಬುದನ್ನೆಲ್ಲ ನನ್ನ ಕೈಯಲ್ಲೇ ಬರೆಸಿದಿರಿ. ಹಾಗಾಗಿ ನಿಮ್ಮ ಹತ್ತಿರ ಆ ನೆಪ ನಡೆಯುವುದಿಲ್ಲ.

ಕ್ವಾರಿಯವರು ಕಲ್ಲು ಒಡೆಯಲು ಬೆಟ್ಟದ ಪೂರ್ವದ ಇಳಿಜಾರನ್ನು ಪಡೆದಾದ ಮೇಲೆ ಈಗ ಪಶ್ಚಿಮದ್ದನ್ನೂ ಕೇಳಿದ್ದಾರೆ ಎಂದು ಬರೆದಿದ್ದೀರಿ. ತಿಂಗಳ ಕೊನೆಯೊಳಗೆ ನೀವು ವರದಿ ಕೊಡಬೇಕಂತೆ. ಪೂರ್ವದಲ್ಲಿ ಕಾಡುಪ್ರಾಣಿಯ ಒಂದು ಗುರುತೂ ಸಿಗಲಿಲ್ಲ, ಪಶ್ಚಿಮದಲ್ಲಿ ಮತ್ತೆ ಮರಳು ಹಾಕಿ ಕಾಯುವುದು ಯಾಕೆ, ಹಳೆಯ ವರದಿಯನ್ನೇ ಮುಂದುವರಿಸಿ ಎಂದು ನಿಮ್ಮ ಕಚೇರಿಯ ದೊಡ್ಡವರು ಹೇಳುತ್ತಿದ್ದಾರಂತೆ. ಸಹಿ ಹಾಕುವ ಮುಂಚೆ ನಿನ್ನನ್ನೊಂದು ಮಾತು ಕೇಳುತ್ತೇನೆ, ನನ್ನ ಕಣ್ಣಿಗಿಂತ ನಿನ್ನ ಕಣ್ಣಿನ ಮೇಲೆ ನನಗೆ ನಂಬಿಕೆ ಎಂದು ಕೊನೆಯಲ್ಲಿ ಬರೆದಿದ್ದೀರಿ. ಆ ಸಾಲನ್ನು ಎಷ್ಟು ಸಲ ಓದಿದೆನೋ. ಅಮ್ಮ, ಏನೇ ಅದು, ಕಾಗದವನ್ನು ಕಣ್ಣಲ್ಲೇ ತೊಳೀತಿದ್ದೀಯಾ ಎಂದು ಕೇಳಿದಳು.

ಸಹಿ ಹಾಕಬೇಡಿ ಅಕ್ಕ. ಆ ವರದಿ ಸುಳ್ಳು. ಅದನ್ನು ಸುಳ್ಳು ಮಾಡಿದವಳು ನಾನು.

ಈ ಕೊನೆಯ ಎರಡು ವಾಕ್ಯ ಬರೆಯಲು ಮೂರು ತಿಂಗಳು ಬೇಕಾಯಿತು. ಬರೆದದ್ದಾಯಿತು, ಇನ್ನು ಉಳಿದದ್ದನ್ನು ಬರೆಯುವುದು ಸುಲಭ ಎಂದುಕೊಂಡೆ. ಹಾಗೇನೂ ಆಗುತ್ತಿಲ್ಲ. ಆದರೂ ಮೊದಲಿನಿಂದ ಹೇಳುತ್ತೇನೆ.

ಅಕ್ಟೋಬರಿನಲ್ಲಿ ನೀವು ಬಂದಾಗ ನನಗೆ ನಿಮ್ಮ ಮುಖ ನೋಡಲೂ ನಾಚಿಕೆಯಾಗಿತ್ತು. ಚೀಲ ಇಟ್ಟು, ನಮ್ಮ ಮುಂದಿನ ಕೋಣೆಯ ಕಿಟಕಿ ತೆಗೆದು, ಬೆಟ್ಟ ಕಾಣುತ್ತೆ, ಸಾಕು ಎಂದಿರಿ. ಅಪ್ಪ ಕ್ವಾರಿಯಲ್ಲಿ ಬಂಡೆ ಸಿಡಿಸುವ ಮುಂಚೆ ಸೈರನ್ ಊದುವವನು, ಅಣ್ಣ ಅಲ್ಲೇ ಡ್ರಿಲ್ ಹಿಡಿಯುವವನು ಎಂದು ಗೊತ್ತಾದ ಮೇಲೆ ನೀವು ಸ್ವಲ್ಪ ಹಿಂಜರಿದಿರಿ. ಬೇರೆ ಮನೆ ನೋಡಲೇ ಎಂದು ಅಮ್ಮನನ್ನು ಕೇಳಿದಿರಿ. ಈ ಸಾಲಿನಲ್ಲಿ ಕ್ವಾರಿಯ ದೂಳು ತಿನ್ನದ ಮನೆ ಒಂದಿದ್ದರೆ ತೋರಿಸಿ, ನಾವೂ ಅಲ್ಲಿಗೇ ಬರ್ತೀವಿ ಎಂದಳು ಅಮ್ಮ. ನೀವು ನಕ್ಕು ಉಳಿದಿರಿ. ನನ್ನ ಮಾತು ಕೇಳಿಸುವುದೇ ಇಲ್ಲ ಎಂದು ನನಗೆ ಗುಬ್ಬಿ ಎಂಬ ಹೆಸರಿಟ್ಟಿರಿ. ಮೇಡಂ ಅನ್ನಬೇಡ, ಅಕ್ಕ ಅನ್ನು ಎಂದಿರಿ. ನನಗೆ ಅಕ್ಕಂದಿರಿಲ್ಲ. ಆ ಶಬ್ದ ಬಾಯಿಗೆ ಬರಲು ಎರಡು ದಿನ ಹಿಡಿಯಿತು.

ಕೆಲಸ ನಿಮಗೆ ನೆನಪಿದ್ದೇ ಇರುತ್ತದೆ. ಕಚೇರಿಯವರು ಕೊಟ್ಟ ಎರಡು ಕ್ಯಾಮೆರಾಗಳಲ್ಲಿ ಒಂದು ಕೆಟ್ಟಿತ್ತು, ಇನ್ನೊಂದನ್ನು ನೀರಿನ ಗುಂಡಿಯ ಹತ್ತಿರ ಕಟ್ಟಿದಿರಿ. ಪೂರ್ವದ ಇಳಿಜಾರಿಗೆ ಮರಳೇ ಗತಿ. ಕಾಲುದಾರಿಗೆ ಅಡ್ಡವಾಗಿ ಮೂರು ಕಡೆ ನುಣ್ಣನೆಯ ಮರಳು ಸುರಿದು, ಸಂಜೆ ಹಲಗೆ ಎಳೆದು ಸಾಪು ಮಾಡಿ ಬರುವುದು. ರಾತ್ರಿ ಯಾವ ಪ್ರಾಣಿ ದಾಟಿದರೂ ಬೆಳಗ್ಗೆ ಹೆಜ್ಜೆ ಕಾಣುತ್ತದೆ. ಸೂರ್ಯ ಹುಟ್ಟುವ ಹೊತ್ತಿಗೆ ನೀವು ಪಶ್ಚಿಮದ ಕಡೆ ಹಕ್ಕಿಗಳನ್ನು ಎಣಿಸುತ್ತಿದ್ದಿರಿ. ಆ ಎರಡು ಗಂಟೆ ಬಿಟ್ಟರೆ ಹಕ್ಕಿ ಸಿಗುವುದಿಲ್ಲ ಎಂದು ಹೇಳಿದ್ದಿರಿ. ಅಲ್ಲಿಯವರೆಗೆ ಕುರಿಯೋ ಕೆಲಸಕ್ಕೆ ಹೋಗುವವರೋ ಮರಳು ತುಳಿಯದ ಹಾಗೆ ಕಾಯುವುದು ನನ್ನ ಪಾಲಿನ ಕೆಲಸ. ಎಂಟು ಗಂಟೆಗೆ ನೀವು ಬಂದು ನೋಡುವುದು, ನಾನು ಬರೆಯುವುದು.

ಮೊದಲ ದಿನವೇ ನಮ್ಮ ನಾಯಿ ಬೂದಿ ನಿಮ್ಮ ಹಿಂದೆ ಬಾಲ ಅಲ್ಲಾಡಿಸಿಕೊಂಡು ಬೆಟ್ಟ ಹತ್ತಿತ್ತು. ನೀವು ಅದರ ತಲೆ ಸವರಿ, ಆಮೇಲೆ ನನ್ನ ಕಡೆ ತಿರುಗಿ ಹೇಳಿದಿರಿ: "ಇದನ್ನ ಮಾತ್ರ ಕಟ್ಟಿ ಹಾಕ್ಬೇಕು ಗುಬ್ಬಿ. ನಾಯಿ ಓಡಾಡಿದ್ರೆ ಮರಳು ಕೆಡುತ್ತೆ, ಆ ದಿನದ ಕೆಲಸವೆಲ್ಲ ವ್ಯರ್ಥ." ನೀವು ಮೆಲ್ಲಗೇ ಹೇಳಿದಿರಿ. ಆದರೆ ಮನೆಗೆ ಬಂದ ದೊಡ್ಡವರು ನಮ್ಮ ನಾಯಿಯ ಮೇಲೆ ದೂರು ಹೇಳಿದಂತೆ ನನ್ನ ಕಿವಿ ಬಿಸಿಯಾಯಿತು. ಅಂದಿನಿಂದ ಬೂದಿಯನ್ನು ಹಿತ್ತಲಿನಲ್ಲಿ ಕಟ್ಟುತ್ತಿದ್ದೆ. ಅದು ಹಗ್ಗ ಕಡಿಯುವುದರಲ್ಲಿ ಎತ್ತಿದ ಕೈ ಎಂದು ನಿಮಗೆ ಹೇಳಿರಲಿಲ್ಲ.

ಎರಡನೆಯ ದಿನ ಬೆಳಗ್ಗೆ ಮೇಲಿನ ಮರಳಿನಲ್ಲಿ ಹೆಜ್ಜೆಗಳಿದ್ದವು. ನಾಲ್ಕು ಬೆರಳು, ಉಗುರು, ನಡುವೆ ಮೆತ್ತೆ. ನಾಯಿಯದೇ. ಈ ಹಾಳಾದ್ದು ರಾತ್ರಿ ಹಗ್ಗ ಕಡಿದುಕೊಂಡು ಇಲ್ಲಿಗೇ ಬಂದಿದೆ, ಅಕ್ಕ ಏನಂದುಕೊಳ್ಳುತ್ತಾರೋ ಎಂದು, ಹಲಗೆ ತೆಗೆದುಕೊಂಡು ಎಳೆದುಬಿಟ್ಟೆ. ಎಂಟು ಗಂಟೆಗೆ ನೀವು ಬಂದಿರಿ. ಮರಳು ಹಾಸಿದ ಹಾಗೇ ಇತ್ತು. ಏನೂ ಇಲ್ಲ ಎಂದು ಬರೆಯಲು ಹೇಳಿದಿರಿ, ಬರೆದೆ. ಮನೆಗೆ ಬಂದು ನೋಡಿದರೆ ಬೂದಿಯ ಹಗ್ಗ ನಿಜವಾಗಿಯೂ ತುಂಡಾಗಿತ್ತು. ನನ್ನ ಅನುಮಾನ ಗಟ್ಟಿಯಾಯಿತು.

ನಾಲ್ಕನೆಯ ದಿನ, ಐದನೆಯ ದಿನ, ಏಳನೆಯ ದಿನ ಅದೇ ಹೆಜ್ಜೆ, ಅದೇ ಹಲಗೆ. ಐದನೆಯ ದಿನ ಮರಳಿನ ಪಕ್ಕದ ಚಪ್ಪಟೆ ಕಲ್ಲಿನ ಮೇಲೆ ಹೇಲು ಬಿದ್ದಿತ್ತು, ಒಣಗಿ ಬೆಳ್ಳಗಾಗಿ, ತುಂಬ ಕೂದಲು ಕೂಡಿಕೊಂಡು. ಓದಿದ ಹೆಂಗಸು ಬಂದು ನಮ್ಮ ನಾಯಿಯ ಹೇಲು ನೋಡುವುದೇ ಎಂದು ಎಲೆಯಲ್ಲಿ ಎತ್ತಿ ದೂರ ಎಸೆದೆ. ನೀವು ಅಂಥದ್ದನ್ನು ಹುಡುಕಿಕೊಂಡೇ ಇಷ್ಟು ದೂರ ಬಂದವರು. ನಾನು ಅತಿಥಿಗೆ ಮನೆ ಚೊಕ್ಕ ಮಾಡಿದ ಹಾಗೆ ಬೆಟ್ಟ ಚೊಕ್ಕ ಮಾಡುತ್ತಿದ್ದೆ. ಬೇರೆ ಯಾರಾದರೂ ಮಾಡಿದ್ದರೆ ನನಗೂ ನಗು ಬರುತ್ತಿತ್ತೋ ಏನೋ.

ಎಂಟನೆಯ ದಿನ ಸಂಜೆ ಸಣ್ಣ ಮಳೆ ಬಂತು. ಕ್ವಾರಿಯ ಸಿಡಿಮದ್ದಿನ ಕೋಣೆಯ ಪಕ್ಕದ ತಗಡಿನ ಮಾಡಿನ ಕೆಳಗೆ ನಿಂತೆವು. ಹೊತ್ತು ಹೋಗಲಿ ಎಂದು ನೀವು ಹೆಜ್ಜೆಗಳ ಚಿತ್ರವಿದ್ದ ಪುಸ್ತಕ ತೆಗೆದಿರಿ. ಒಂದು ಪುಟದಲ್ಲಿ ನಾಯಿಯದೂ ತೋಳದ್ದೂ ಅಕ್ಕಪಕ್ಕದಲ್ಲಿದ್ದವು. ನನ್ನ ಕಣ್ಣಿಗೆ ಎರಡೂ ಒಂದೇ. ನೀವು ಬೆರಳಿನಿಂದ ನೆಲದ ದೂಳಿನಲ್ಲಿ ಗೆರೆ ಎಳೆದು ತೋರಿಸಿದಿರಿ: "ನಾಯಿಗೆ ಊಟ ಮನೇಲಿರುತ್ತೆ. ಅದಕ್ಕೇ ಮೂಸ್ಕೊಂಡು ಅಡ್ಡಾದಿಡ್ಡಿ ಹೋಗುತ್ತೆ. ತೋಳ ಹಾಗಲ್ಲ. ಕೆಲಸಕ್ಕೆ ಹೊರಟೋರ ಹಾಗೆ ನೇರ ಹೋಗುತ್ತೆ, ಒಂದು ಹೆಜ್ಜೆ ಮೇಲೇ ಇನ್ನೊಂದು ಹೆಜ್ಜೆ." ಆಮೇಲೆ ಪುಸ್ತಕ ಮುಚ್ಚಿ, ಒಂದೇ ಒಂದು ಸಾಲು ಸಿಕ್ಕರೆ ಸಾಕಿತ್ತು ಎಂದಿರಿ. ಇಲ್ಲಿ ಇರಬೇಕು ಅಂತ ನನ್ನ ಮನಸ್ಸು ಹೇಳುತ್ತೆ, ಆದರೆ ಮನಸ್ಸನ್ನು ಫಾರಂನಲ್ಲಿ ಬರೆಯೋ ಹಾಗಿಲ್ಲ ಎಂದಿರಿ.

ಆ ಮಳೆಗೆ ಹೆದರಿ ಅಮ್ಮ ಬೂದಿಯನ್ನು ಸೌದೆ ಕೋಣೆಯೊಳಗೆ ಕೂಡಿ ಚಿಲಕ ಹಾಕಿದ್ದಳು. ಒಂಬತ್ತನೆಯ ದಿನ ನಾನು ಮನೆಯಿಂದ ಹೊರಡುವಾಗ ಅದು ಒಳಗಿನಿಂದ ಬಾಗಿಲು ಕೆರೆಯುತ್ತಿತ್ತು. ಮೇಲೆ ಹೋಗಿ ನೋಡಿದರೆ ಒದ್ದೆ ಮರಳಿನಲ್ಲಿ ಹೆಜ್ಜೆಗಳು ಅಚ್ಚೊತ್ತಿದ ಹಾಗೆ ಬಿದ್ದಿದ್ದವು. ದಾರದಲ್ಲಿ ಪೋಣಿಸಿದಂತೆ, ಒಂದರ ಮುಂದೆ ಒಂದು, ಎಲ್ಲಿಯೂ ನಿಲ್ಲದೆ, ಮೂಸದೆ.

ಎಷ್ಟು ಹೊತ್ತು ಅಲ್ಲಿ ಕೂತಿದ್ದೆನೋ ಗೊತ್ತಿಲ್ಲ. ನೀವು ಬರಲು ಇನ್ನೂ ಒಂದು ಗಂಟೆಯ ಮೇಲಿತ್ತು. ಓಡಿ ಬಂದು ನಿಮ್ಮನ್ನು ಕರೆಯಬೇಕಿತ್ತು. ಕರೆಯಲಿಲ್ಲ. ಈವತ್ತು ಹೆಜ್ಜೆ ಇದೆ ಎಂದರೆ, ಮೊನ್ನೆ ಇರಲಿಲ್ಲವೇ ಎಂದು ನೀವು ಕೇಳುತ್ತೀರಿ. ಇತ್ತು, ಅಳಿಸಿದೆ ಎನ್ನಬೇಕು. ಯಾಕೆ ಅಳಿಸಿದೆ ಎಂದರೆ, ನಾಯಿಯದು ಎಂದುಕೊಂಡೆ ಎನ್ನಬೇಕು. ಹಿಂದಿನ ದಿನವಷ್ಟೇ ಅಮ್ಮನ ಎದುರು, ನಿಮ್ಮ ಮಗಳ ಹಾಗೆ ಶಿಸ್ತಿನ ಸಹಾಯಕಿ ನನಗೆ ಎಲ್ಲೂ ಸಿಕ್ಕಿಲ್ಲ ಎಂದು ನೀವು ಹೇಳಿದ್ದಿರಿ. ನನ್ನನ್ನು ಯಾರೂ ಯಾವುದಕ್ಕೂ ಹಾಗೆ ಹೊಗಳಿರಲಿಲ್ಲ. ಅದನ್ನು ಕಳೆದುಕೊಳ್ಳುವುದು ನನ್ನಿಂದ ಆಗಲಿಲ್ಲ. ಮರಳು ಸಾಪಾಯಿತು. ಆಮೇಲಿನ ಐದು ದಿನಗಳಲ್ಲಿ ಇನ್ನೂ ಮೂರು ಸಲ ಹೆಜ್ಜೆ ಬಂದವು, ಮೂರು ಸಲವೂ ತಿಳಿದೇ ಅಳಿಸಿದೆ. ಮೊದಲಿನದೆಲ್ಲ ಪೆದ್ದುತನ ಎನ್ನಬಹುದು. ಕೊನೆಯವಕ್ಕೆ ಆ ಹೆಸರು ಸಾಲದು. ಮನೆಯಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ, ಯಾರೂ ನನಗೆ ಹೇಳಿಕೊಟ್ಟದ್ದಲ್ಲ. ಅಪ್ಪ, ಅಣ್ಣ ಕ್ವಾರಿಯವರು ಎಂದು ನಿಮಗೆ ಬೇರೆ ಯೋಚನೆ ಬರಬಹುದು, ಅದಕ್ಕೇ ಬರೆಯುತ್ತಿದ್ದೇನೆ. ತಪ್ಪು ನನ್ನೊಬ್ಬಳದೇ.

ಪೂರ್ವದ ಇಳಿಜಾರನ್ನು ಕ್ವಾರಿಗೆ ಕೊಡುವ ಬಗ್ಗೆ ನವೆಂಬರಿನಲ್ಲಿ ನಡೆದ ಸಭೆಯ ವಿಷಯ ಬರೆಯದೆ ಹೋದರೆ ಕಾಗದ ಬರೆದದ್ದಕ್ಕೆ ಅರ್ಥವಿಲ್ಲ. ಕ್ವಾರಿಯ ಊಟದ ಹಾಲ್‌ನಲ್ಲಿ ಬೆಂಚುಗಳನ್ನು ಜೋಡಿಸಿದ್ದರು. ನೀವು ಎದ್ದು ವರದಿ ಓದಿದಿರಿ. ಹಿಂದಿನಿಂದ ಕುರಿ ತಾತ ಎದ್ದು ನಿಂತರು. ಮೂರು ಕುರಿಮರಿ ಕಳೆದುಕೊಂಡಿದ್ದೇನೆ, ಪೂರ್ವದ ಬಂಡೆಗಳಲ್ಲಿ ತೋಳದ ಜೋಡಿ ಇದೆ, ನನ್ನಪ್ಪನ ಕಾಲದಿಂದ ಇದೆ ಎಂದರು. ಹದಿನಾಲ್ಕು ದಿನ ಮೂರು ಕಡೆ ನೋಡಿದರೂ ಒಂದು ಹೆಜ್ಜೆ ಸಿಗಲಿಲ್ಲ ಎಂದು ನೀವು ತಾಳ್ಮೆಯಿಂದ ಹೇಳಿದಿರಿ. "ಹಾಗಾದ್ರೆ ನನ್ನ ಕುರೀನ ತಿಂದಿದ್ದು ಯಾರಮ್ಮ, ನಿಮ್ಮ ಮರಳಾ?" ಎಂದರು ತಾತ. ಎಲ್ಲರೂ ನಕ್ಕರು. ಇವರಿಗೆ ಕ್ವಾರಿಯವರು ಎಲ್ಲಿ ಏನು ಮುಟ್ಟಿಸಿದ್ದಾರೋ ಎಂದು ಯಾರೋ ಗೊಣಗಿದ್ದು ನಿಮಗೂ ಕೇಳಿಸಿತು. ನಿಮ್ಮ ಮುಖ ಕೆಂಪಾಯಿತು. ಮೂರನೆಯ ಸಾಲಿನಲ್ಲಿ ಗೋಡೆಗೆ ಒತ್ತಿಕೊಂಡು ಕೂತಿದ್ದ ನನ್ನ ಕಡೆ ತಿರುಗಿದಿರಿ.

"ದಿನಾ ನನಗಿಂತ ಮುಂಚೆ ಅಲ್ಲಿದ್ದವಳು ಇವಳು, ನಿಮ್ಮೂರಿನವಳೇ. ಹೇಳು ಗುಬ್ಬಿ, ಏನಾದ್ರೂ ಇತ್ತಾ?"

ಎದ್ದು ನಿಂತೆ. ಅಷ್ಟು ಜನರ ಮುಂದೆ ನಾನು ಬಾಯಿ ತೆರೆದದ್ದು ಹುಟ್ಟಿದ ಮೇಲೆ ಅದೇ ಮೊದಲು. "ಏನೂ ಇರಲಿಲ್ಲ" ಎಂದೆ. ದನಿ ಎಲ್ಲರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಬಂತು. ಸಭೆ ಮುಗಿದ ಮೇಲೆ ನೀವು ನನ್ನ ಹೆಗಲ ಮೇಲೆ ಕೈ ಹಾಕಿ, ಇವತ್ತು ನೀನು ನನ್ನ ಮಾನ ಉಳಿಸಿದೆ ಎಂದಿರಿ. ಬಸ್ಸು ಹತ್ತುವವರೆಗೂ ಆ ಕೈ ತೆಗೆಯಲಿಲ್ಲ. ಅಕ್ಕ, ಅವತ್ತು ನೀವು ನನ್ನ ಕೆನ್ನೆಗೆ ಹೊಡೆದಿದ್ದರೂ ಇಷ್ಟು ದಿನ ಉರಿಯುತ್ತಿರಲಿಲ್ಲ. ಕುರಿ ತಾತ ಬಾಗಿಲಲ್ಲಿ ನನ್ನನ್ನು ನೋಡಿ ತಲೆ ಅಲ್ಲಾಡಿಸಿಕೊಂಡು ಹೋದರು. ಅವರ ಕಣ್ಣಿಗೆ ಬೀಳಬಾರದೆಂದು ನಾನು ಈಗ ನೀರಿಗೆ ಹೋಗುವುದು ಸುತ್ತು ದಾರಿಯಲ್ಲಿ.

ಜನವರಿಯಲ್ಲಿ ಪೂರ್ವದ ಇಳಿಜಾರಿನಲ್ಲಿ ಕೆಲಸ ಶುರುವಾಯಿತು. ಮೊದಲು ಪೊದೆ ಕಿತ್ತರು, ಆಮೇಲೆ ದಾರಿ ಮಾಡಿದರು, ನಮ್ಮ ಮೂರು ಕಡೆಯ ಮರಳೂ ಟಿಪ್ಪರ್ ಚಕ್ರದಡಿ ಹೋಯಿತು. ಎರಡನೆಯ ವಾರ ದೊಡ್ಡ ಬಂಡೆಗಳಿಗೆ ಮದ್ದಿಟ್ಟರು. ಅಪ್ಪ ಮೂರು ಸಲ ಸೈರನ್ ಊದಿದ. ಮನೆಯಲ್ಲಿ ತಟ್ಟೆಗಳು ಅದುರಿದವು, ಅದು ಹೊಸದೇನಲ್ಲ. ಹೊಗೆ ಇಳಿದ ಮೇಲೆ ಕಲ್ಲು ಎತ್ತಲು ಹೋದವರಿಗೆ ಒಡೆದ ಬಂಡೆಯ ಅಡಿಯಲ್ಲಿ ಗೂಡು ಸಿಕ್ಕಿತು. ಎರಡು ಮರಿಗಳು ಸತ್ತುಬಿದ್ದಿದ್ದವು. ಇನ್ನೂ ಕಣ್ಣು ಬಿಟ್ಟಿದ್ದವೋ ಇಲ್ಲವೋ ಎಂಬಷ್ಟು ಸಣ್ಣವಂತೆ. ನಾಯಿಮರಿ, ಅತ್ತ ಎಸೆಯಿರಿ ಎಂದರಂತೆ ಮೇಸ್ತ್ರಿ. ಅಪ್ಪ ಮಾತ್ರ ಸೈರನ್ ಕಟ್ಟೆಯ ಮೇಲಿನಿಂದ ಇನ್ನೊಂದನ್ನು ನೋಡಿದ್ದ. ಹಾಡಹಗಲು, ಅಷ್ಟು ಜನ ಓಡಾಡುತ್ತಿರುವಾಗ, ತಾಯಿ ತೋಳ ಬಾಯಲ್ಲಿ ಒಂದು ಮರಿ ಕಚ್ಚಿಕೊಂಡು ಪಶ್ಚಿಮದ ಕಡೆ ಹೋಯಿತಂತೆ. ಓಡಲಿಲ್ಲವಂತೆ, ನಡೆದುಕೊಂಡೇ ಹೋಯಿತಂತೆ. ಅಪ್ಪ ಇದನ್ನು ಊಟದ ಹೊತ್ತಿನಲ್ಲಿ ಹೇಳಿದ. ಅಣ್ಣ ಅವತ್ತು ಊಟಕ್ಕೆ ಕೂತು ತಟ್ಟೆ ಮುಟ್ಟದೆ ಎದ್ದ. ಜ್ವರವೇನೋ ಎಂದು ಅಮ್ಮ ಹಣೆ ಮುಟ್ಟಿ ನೋಡಿದಳು. ದೂಳು ಹೆಚ್ಚಾಗಿದೆ ಅಷ್ಟೇ ಎಂದ.

ಪಶ್ಚಿಮದ ಕಡೆ ಅದು ಈಗಲೂ ಇದೆ. ಕಳೆದ ವಾರ ನಾನೇ ಹೋಗಿದ್ದೆ. ನೀವು ಹಕ್ಕಿ ಎಣಿಸುತ್ತಿದ್ದ ಕಲ್ಲಿನಿಂದ ಕೆಳಗೆ, ಒಣಗುತ್ತಿರುವ ಹಳ್ಳದ ಕೆಸರಿನಲ್ಲಿ ಹೆಜ್ಜೆ ನೋಡಿದೆ. ಪುಸ್ತಕದಲ್ಲಿ ತೋರಿಸಿದ ಹಾಗೇ ನೇರ ಸಾಲು. ಪಕ್ಕದಲ್ಲಿ ಸಣ್ಣ ಹೆಜ್ಜೆಗಳೂ ಇದ್ದವು, ಅವು ಮಾತ್ರ ನೇರವಾಗಿಲ್ಲ, ಅತ್ತ ಇತ್ತ ಓಡಿವೆ. ನಾನು ಯಾವುದನ್ನೂ ಮುಟ್ಟದೆ ಬಂದೆ. ನೀವು ಹಳೆಯ ವರದಿಯನ್ನೇ ಮುಂದುವರಿಸಿ ಸಹಿ ಹಾಕಿದರೆ ಮಳೆಗಾಲದ ಒಳಗೆ ಅಲ್ಲಿಗೂ ಡ್ರಿಲ್ ಬರುತ್ತದೆ. ಅದರಿಂದಾಚೆಗೆ ಬೆಟ್ಟ ಇಲ್ಲ, ರಸ್ತೆ ಇದೆ. ಅದು ಮರಿ ಕಚ್ಚಿಕೊಂಡು ಎಲ್ಲಿಗೆ ಹೋಗುತ್ತದೆ?

ಈ ಕಾಗದವನ್ನು ನೀವು ಯಾರಿಗೆ ಬೇಕಾದರೂ ತೋರಿಸಿ. ಕಚೇರಿಯ ದೊಡ್ಡವರಿಗೆ ತೋರಿಸಿ, ಸಭೆಯಲ್ಲಿ ಓದಿ. ನನ್ನನ್ನು ಕರೆದರೆ ಬಂದು ಎದ್ದು ನಿಂತು ಹೇಳುತ್ತೇನೆ. ನಿಮ್ಮ ಹೆಸರಿಗೆ ಕಳಂಕ ಬರುತ್ತದೆ, ಸಹಾಯಕಿಯನ್ನು ನಂಬಿ ಮೋಸ ಹೋದರು ಎನ್ನುತ್ತಾರೆ. ಅದನ್ನು ತಪ್ಪಿಸುವ ದಾರಿ ನನಗೆ ಹೊಳೆಯಲಿಲ್ಲ. ಮೂರು ತಿಂಗಳು ಹುಡುಕಿದ್ದು ಆ ದಾರಿಯನ್ನೇ ಇರಬೇಕು. ಕ್ವಾರಿಯಲ್ಲಿ ಈಗ ಉಳಿದಿರುವ ಕಲ್ಲು ಒಂದೂವರೆ ವರ್ಷಕ್ಕೆ ಬರುತ್ತದಂತೆ. ಆಮೇಲೆ ಅಪ್ಪ ಏನು ಮಾಡುತ್ತಾನೋ ತಿಳಿಯದು. ಅದು ನಿಮ್ಮ ಫಾರಂನಲ್ಲಿ ಬರೆಯುವ ವಿಷಯವಲ್ಲ, ಗೊತ್ತು.

ನಿಮ್ಮ ಕೋಣೆಯ ಕಿಟಕಿಯನ್ನು ಈಗ ತೆಗೆಯುವುದಿಲ್ಲ, ದೂಳು ನೇರ ಒಳಗೆ ಬರುತ್ತದೆ. ನೀವು ಇನ್ನು ನನ್ನನ್ನು ಗುಬ್ಬಿ ಎಂದು ಕರೆಯದಿದ್ದರೂ ಸರಿಯೇ. ಈ ಕಾಗದಕ್ಕೆ ಮಾತ್ರ ಆ ಹೆಸರನ್ನೇ ಹಾಕುತ್ತೇನೆ.

ನಿಮ್ಮ ನಂಬಿಕೆಗೆ ತಕ್ಕವಳಾಗದೆ ಹೋದ,
ಗುಬ್ಬಿ

ತಾ.ಕ.: ಬುಧವಾರ. ನಿನ್ನೆ ಈ ಕಾಗದವನ್ನು ಅಂಚೆಗೆ ಹಾಕು ಎಂದು ಅಣ್ಣನ ಕೈಗೆ ಕೊಟ್ಟೆ, ಅಂಟಿಸಿರಲಿಲ್ಲ. ಅವನು ಮೆಟ್ಟಿಲ ಮೇಲೆ ಕೂತು ಪೂರ್ತಿ ಓದಿದ. ತಿರುಗಿ ತಂದು ನನ್ನ ಮುಂದೆ ಇಟ್ಟು, "ಅರ್ಧ ನಿಜ ಬರೆಯೋಕೆ ಇಷ್ಟು ಹಾಳೆ ಯಾಕೆ ದಂಡ ಮಾಡಿದೆ?" ಎಂದ. ಅವನ ಮಾತು ಸರಿ. ಒಂಬತ್ತನೆಯ ದಿನ ನಾನು ಒಬ್ಬಳೇ ಇರಲಿಲ್ಲ. ಅಣ್ಣ ಬೆಳಗಿನ ಪಾಳಿಗೆ ಅದೇ ದಾರಿಯಲ್ಲಿ ಬಂದ. ನಾನು ಅಳುತ್ತಾ ಅವನಿಗೆ ಆ ಸಾಲು ತೋರಿಸಿದೆ. ಅವನು ಮಂಡಿಯೂರಿ ನೋಡಿ, ಅಪ್ಪನಿಗೆ ಈ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ ಎಂದು ಕೇಳಿ, ನನ್ನ ಕೈಯಿಂದ ಹಲಗೆ ತೆಗೆದುಕೊಂಡು ತಾನೇ ಎಳೆದ. ಉಳಿದ ಮೂರು ಸಲ ನಾನೇ ಎಳೆದೆ, ಅದರಲ್ಲಿ ಸುಳ್ಳಿಲ್ಲ. ಅವನನ್ನು ಉಳಿಸಬೇಕೆಂದು ಅದನ್ನು ಮುಚ್ಚಿಟ್ಟೆ. ಇನ್ನೊಂದು ಮಾತನ್ನೂ ಬರೆಯಲು ಹೇಳಿದ್ದಾನೆ, ಅದು ನನಗೂ ನಿನ್ನೆಯೇ ಗೊತ್ತಾದದ್ದು. ಮದ್ದಿಡುವ ಹಿಂದಿನ ದಿನ ಆ ಬಂಡೆಗೆ ತೂತು ಕೊರೆದವನು ಅವನೇ. ಕೊರೆಯುವ ಮೊಳೆ ಬದಲಿಸಲು ಡ್ರಿಲ್ ನಿಲ್ಲಿಸಿದಾಗ ಒಳಗಿನಿಂದ ಮರಿಗಳ ಕುಂಯ್‌ಗುಟ್ಟುವ ಸದ್ದು ಕೇಳಿಸಿತಂತೆ. ಸ್ವಲ್ಪ ಹೊತ್ತು ನಿಂತು ಕೇಳಿದನಂತೆ. ಆಮೇಲೆ ಡ್ರಿಲ್ ಮತ್ತೆ ಶುರು ಮಾಡಿದನಂತೆ. ಇದನ್ನು ನಾನು ಬರೆಯುವಾಗ ಅವನು ಪಕ್ಕದಲ್ಲೇ ನಿಂತಿದ್ದ. ಬರೆದಾದ ಮೇಲೆ ಗಟ್ಟಿಯಾಗಿ ಓದು ಎಂದ. ಓದಿದೆ. ಹೂಂ, ಈಗ ಅಂಟಿಸು ಎಂದ.